ಲಕ್ಷಣವಷ್ಟೇ ರೋಗವೆ?

ಮಂಡಿನೋವೆಂದು ಹೋಮಿಯೋಪಥಿ ವೈದ್ಯರ ಬಳಿ ಹೋದರೆ ಅವರ ಪ್ರಶ್ನೆಗಳು ಮಂಡಿಗಷ್ಟೇ ನಿಲ್ಲುವುದಿಲ್ಲ. ಕೂತು ಎದ್ದಾಗ ನೋವು ಹೆಚ್ಚೇ, ನಾಲ್ಕು ಹೆಜ್ಜೆ ನಡೆದ ಮೇಲೆ ಸಡಿಲವಾಗುತ್ತದೆಯೇ, ಥಂಡಿ ತಡೆಯಲಾಗುತ್ತದೆಯೇ, ಬಾಯಾರಿಕೆ ಎಷ್ಟು ಎಂದೆಲ್ಲ ಕೇಳುತ್ತಾರೆ. ಓಡಾಡಿದಂತೆ ನೋವು ಇಳಿದರೆ ರಸ್ ಟಾಕ್ಸ್ ಎಂಬ ಔಷಧ, ಅಲುಗಾಡಿದರೇ ಹೆಚ್ಚಿದರೆ ಬ್ರಯೋನಿಯಾ. ಎಲ್ಲ ರೋಗಿಗಳಲ್ಲೂ ಕಾಣುವ ಲಕ್ಷಣಕ್ಕಿಂತ ಈ ಒಬ್ಬರಲ್ಲಿ ಮಾತ್ರ ಎದ್ದುಕಾಣುವ ಲಕ್ಷಣಕ್ಕೆ ಬೆಲೆ ಹೆಚ್ಚು. ಹೋಮಿಯೋಪಥಿಯ ಜನಕ ಸ್ಯಾಮ್ಯುಯೆಲ್ ಹಾನಿಮನ್ 1810ರಲ್ಲಿ ಮೊದಲು ಪ್ರಕಟಿಸಿದ ‘ಆರ್ಗನಾನ್’ ಗ್ರಂಥದ ದಾರಿ ಇದು.

ರೋಗಿಯ ಮಾತನ್ನು ಇಷ್ಟು ಸಾವಧಾನವಾಗಿ ಕೇಳುವುದು ದೊಡ್ಡ ಗುಣ. ಎರಡು ನಿಮಿಷದಲ್ಲಿ ಚೀಟಿ ಬರೆದು ಕಳಿಸುವ ಹೊರರೋಗಿ ವಿಭಾಗಗಳು ಇದನ್ನು ಕಲಿಯಲೇಬೇಕು. ಆದರೆ ಚೆನ್ನಾಗಿ ಕೇಳಿಸಿಕೊಂಡ ಮಾತ್ರಕ್ಕೆ ಆರಿಸಿದ ಔಷಧ ಸರಿಯೆಂದಾಗುವುದಿಲ್ಲ. ಆರೋಗ್ಯವಂತರಲ್ಲಿ ಹುಟ್ಟಿಸುವ ಲಕ್ಷಣವನ್ನೇ ಔಷಧ ರೋಗಿಯಲ್ಲಿ ಗುಣಪಡಿಸುತ್ತದೆಂಬುದು ಈ ಪದ್ಧತಿಯ ನಂಬಿಕೆ; ಹಾಗಾಗಿ ಔಷಧಕ್ಕೂ ಲಕ್ಷಣಕ್ಕೂ ಗಂಟು ಹಾಕಿದ್ದು, ಆರೋಗ್ಯವಂತರು ಅದನ್ನು ಸೇವಿಸಿ ತಮಗಾದುದನ್ನೆಲ್ಲ ಬರೆದಿಟ್ಟ ಟಿಪ್ಪಣಿಗಳು. ಔಷಧವಿಲ್ಲದ ಗುಳಿಗೆ ನುಂಗಿದವರೊಡನೆ ಹೋಲಿಸದಿದ್ದರೆ, ಅಂದಿನ ತಲೆನೋವು ಔಷಧದ್ದೋ ನಿದ್ದೆಗೆಟ್ಟದ್ದರದ್ದೋ ತಿಳಿಯುವ ಬಗೆ ಇಲ್ಲ. ಮೇಲಾಗಿ, ನೂರರಲ್ಲೊಂದು ಪಾಲಿನಂತೆ ಮೂವತ್ತು ಸಲ ತೆಳುವಾಗಿಸಿದ 30 ಸಿ ಪೊಟೆನ್ಸಿಯಲ್ಲಿ ಮೂಲದ್ರವ್ಯದ ಒಂದು ಅಣುವೂ ಉಳಿದಿರುವ ಸಂಭವ ಇಲ್ಲವೆಂದೇ ಹೇಳಬೇಕು. ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ ಲಭ್ಯ ಅಧ್ಯಯನಗಳನ್ನು ಪರಿಶೀಲಿಸಿ 2015ರಲ್ಲಿ ಹೇಳಿದ್ದೂ ಸ್ಪಷ್ಟವಾಗಿದೆ: ಹೋಮಿಯೋಪಥಿ ಯಾವ ಕಾಯಿಲೆಯಲ್ಲೂ ಪರಿಣಾಮಕಾರಿ ಎನ್ನಲು ವಿಶ್ವಾಸಾರ್ಹ ಪುರಾವೆಯಿಲ್ಲ.

ಈ ಪದ್ಧತಿಯ ನಿಜವಾದ ಅಪಾಯ ಇನ್ನೂ ಆಳದಲ್ಲಿದೆ. ಲಕ್ಷಣಗಳೆಲ್ಲ ಹೋದರೆ ರೋಗವೂ ಹೋಯಿತೆಂಬುದು ಹಾನಿಮನ್ನರ ನಿಲುವು. ಡೆಂಗಿ ಜ್ವರ ಈ ನಿಲುವನ್ನು ಸುಳ್ಳಾಗಿಸುತ್ತದೆ. ಅದರಲ್ಲಿ ಮೂಳೆ ಮುರಿದಂಥ ನೋವಿದ್ದರೆ ಯುಪಟೋರಿಯಂ ಎಂಬ ಹೋಮಿಯೋಪಥಿ ಔಷಧ ಕೊಡುವ ರೂಢಿಯಿದೆ. ನಾಲ್ಕೈದನೆಯ ದಿನಕ್ಕೆ ಜ್ವರ ಇಳಿಯುತ್ತದೆ, ಗುಳಿಗೆ ಕೆಲಸ ಮಾಡಿತೆಂದು ಮನೆಯವರು ನಿಟ್ಟುಸಿರುಬಿಡುತ್ತಾರೆ. ಜ್ವರ ಇಳಿಯುವ ಆ ಹೊತ್ತೇ ಕೆಲವರಿಗೆ ಗಂಡಾಂತರದ್ದು. ರಕ್ತನಾಳಗಳಿಂದ ದ್ರವ ಸೋರಿ ರಕ್ತದೊತ್ತಡ ಕುಸಿಯಬಹುದು. ಅದನ್ನು ಹಿಡಿಯಲು ರಕ್ತಪರೀಕ್ಷೆ ಬೇಕು, ನಾಡಿ ಮತ್ತು ಒತ್ತಡದ ಮೇಲೆ ನಿಗಾ ಬೇಕು. ಬಿಡದ ವಾಂತಿ, ತೀವ್ರ ಹೊಟ್ಟೆನೋವು, ವಸಡಿನ ರಕ್ತಸ್ರಾವ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಲಕ್ಷಣ ಕೇಳಬೇಕು, ಸೂಕ್ಷ್ಮವಾಗಿಯೇ ಕೇಳಬೇಕು. ಅದು ರೋಗ ಪತ್ತೆಯ ಮೊದಲ ಮೆಟ್ಟಿಲು. ಅದನ್ನೇ ಕೊನೆಯ ತೀರ್ಪಾಗಿಸಿ ದೇಹವನ್ನು ಪರೀಕ್ಷಿಸದೆ ಬಿಡುವ ಚಿಕಿತ್ಸೆಯನ್ನು, ಅದೆಷ್ಟೇ ಪ್ರೀತಿಯಿಂದ ಕೊಟ್ಟರೂ, ಒಪ್ಪಲಾಗದು.