ಗುರುವಿನ ಪಕ್ಕದ ದಾರಿ: ಡಾರ್ವಿನ್ ಆತ್ಮಕಥೆಯನ್ನು ಮತ್ತೆ ಓದುತ್ತಾ

ಪಿಎಚ್‌ಡಿ ಮುಗಿದ ಮೇಲೆ ಮುಂದೇನು? ಊರಿಗೆ ಹೋದಾಗಲೆಲ್ಲ ಎದುರಾಗುವ ಈ ಪ್ರಶ್ನೆಯ ಕಿರಿಕಿರಿಯಲ್ಲೇ ಚಾರ್ಲ್ಸ್ ಡಾರ್ವಿನ್‌ನ ಆತ್ಮಕಥೆಯನ್ನು ಇನ್ನೊಮ್ಮೆ ಕೈಗೆತ್ತಿಕೊಂಡೆ. ಡಾರ್ವಿನ್ ಎಂದರೆ ನಮಗೆ ವಿಕಾಸವಾದ. ಆದರೆ ಬೀಗಲ್ ಹಡಗಿನಿಂದ ಇಳಿದವನು ಮೊದಲು ಹೆಸರು ಮಾಡಿದ್ದು ಭೂವಿಜ್ಞಾನಿಯಾಗಿ. 1838ರಲ್ಲಿ ಲಂಡನ್ನಿನ ಜಿಯಲಾಜಿಕಲ್ ಸೊಸೈಟಿಯ ಕಾರ್ಯದರ್ಶಿಯಾದ. 1842ರಿಂದ 1846ರೊಳಗೆ ಹವಳದ ದಿಬ್ಬಗಳು, ಜ್ವಾಲಾಮುಖಿ ದ್ವೀಪಗಳು ಮತ್ತು ದಕ್ಷಿಣ ಅಮೆರಿಕದ ಭೂರಚನೆಯ ಬಗ್ಗೆ ಮೂರು ಪುಸ್ತಕ ಬರೆದ.

ಇದಕ್ಕೆ ವಿಶ್ವವಿದ್ಯಾಲಯ ಏನು ಕೊಟ್ಟಿತು? ಏನೂ ಇಲ್ಲ ಎನ್ನುತ್ತಾನೆ ಅವನು. ಅರವತ್ತೇಳರ ವಯಸ್ಸಿನಲ್ಲಿ ತನ್ನ ಮಕ್ಕಳಿಗಾಗಿ ಬರೆಯುತ್ತಾ, ಪಾಠಪ್ರವಚನಗಳ ಮಟ್ಟಿಗೆ ಕೇಂಬ್ರಿಜ್‌ನ ವರ್ಷಗಳೂ ಎಡಿನ್‌ಬರೋದಂತೆಯೇ ವ್ಯರ್ಥವಾದವು ಎಂದು ತೀರ್ಪು ಕೊಡುತ್ತಾನೆ. ಆ ತೀರ್ಪನ್ನು ಅವನದೇ ಪುಸ್ತಕದ ಪ್ರಸಂಗಗಳು ಒಪ್ಪುವುದಿಲ್ಲ.

ಎಡಿನ್‌ಬರೋ ವಿಷಯದಲ್ಲಿ ಅವನ ಸಿಟ್ಟು ನ್ಯಾಯವೇ. ಜೇಮ್ಸನ್ ಅವರ ಉಪನ್ಯಾಸಗಳು ಎಷ್ಟು ನೀರಸವಾಗಿದ್ದವೆಂದರೆ, ಇನ್ನು ಬದುಕಿರುವವರೆಗೆ ಭೂವಿಜ್ಞಾನದ ಪುಸ್ತಕ ಮುಟ್ಟುವುದಿಲ್ಲ ಎಂದು ಹುಡುಗ ನಿರ್ಧರಿಸಿಬಿಟ್ಟ. ಸುತ್ತಲೂ ಜ್ವಾಲಾಮುಖಿ ಶಿಲೆ ಹರಡಿದ್ದ ಬೆಟ್ಟದ ಮೇಲೆ ನಿಂತು, ಬಂಡೆಯ ಬಿರುಕು ತುಂಬಿದ್ದು ಮೇಲಿನಿಂದ ಬಂದ ಕೆಸರಿನಿಂದಲೇ ಎಂದು ಮೇಷ್ಟ್ರು ವಾದಿಸಿದರಂತೆ. ಕೆಳಗಿನಿಂದ ಕರಗಿದ ಶಿಲೆ ನುಗ್ಗಿತು ಎನ್ನುವವರನ್ನು ಗೇಲಿ ಮಾಡಿದರಂತೆ. ಇಂಥ ಮೇಷ್ಟ್ರುಗಳನ್ನು ನಾವೂ ಕಂಡವರೇ.

ಕೇಂಬ್ರಿಜ್‌ನ ಕಥೆ ಬೇರೆ. 1831ರ ಆಗಸ್ಟ್‌ನಲ್ಲಿ, ಹೆನ್ಸ್‌ಲೋ ಮಾತಿನ ಮೇರೆಗೆ, ಪ್ರೊಫೆಸರ್ ಆಡಮ್ ಸೆಜ್‌ವಿಕ್ ಅವನನ್ನು ಉತ್ತರ ವೇಲ್ಸ್‌ಗೆ ಕರೆದೊಯ್ದರು. ಹೊರಡುವ ಮುನ್ನ ಡಾರ್ವಿನ್ ಉತ್ಸಾಹದಿಂದ ಒಂದು ಸುದ್ದಿ ಹೇಳಿದ: ಊರಿನ ಹತ್ತಿರದ ಗರಸಿನ ಗುಂಡಿಯಲ್ಲಿ ಕೂಲಿಯವನೊಬ್ಬನಿಗೆ ಉಷ್ಣವಲಯದ ಕಡಲಿನ ಶಂಖ ಸಿಕ್ಕಿದೆ! ಯಾರೋ ಎಸೆದಿರಬೇಕು ಎಂದರು ಸೆಜ್‌ವಿಕ್. ನಿಜವಾಗಿಯೂ ಅಲ್ಲೇ ಹುದುಗಿದ್ದರೆ ಅದು ಭೂವಿಜ್ಞಾನಕ್ಕೆ ದೊಡ್ಡ ಅನಾಹುತ, ಆ ಸೀಮೆಯ ಮಣ್ಣಿನ ಪದರಗಳ ಬಗ್ಗೆ ತಿಳಿದದ್ದೆಲ್ಲ ತಲೆಕೆಳಗಾಗುತ್ತದೆ ಎಂದರು. ಮೇಷ್ಟ್ರು ಕುಣಿದಾಡಲಿಲ್ಲವಲ್ಲ ಎಂದು ಶಿಷ್ಯ ಬೆರಗಾದ. ಸಂಗತಿಗಳನ್ನು ಒಟ್ಟು ಜೋಡಿಸಿ ನಿಯಮ ಕಾಣುವುದೇ ವಿಜ್ಞಾನ ಎಂಬುದು ಆಗ ಮನಸ್ಸಿಗೆ ಇಳಿಯಿತು ಎನ್ನುತ್ತಾನೆ.

ವೇಲ್ಸ್‌ನಲ್ಲಿ ಸೆಜ್‌ವಿಕ್ ಅವನನ್ನು ಬೆನ್ನಿಗಂಟಿಸಿಕೊಂಡು ನಡೆಸಲಿಲ್ಲ. ತಮ್ಮ ದಾರಿಗೆ ಸಮಾನಾಂತರವಾದ ಇನ್ನೊಂದು ದಾರಿಯಲ್ಲಿ ಕಳಿಸುತ್ತಿದ್ದರು. ಕಲ್ಲಿನ ಮಾದರಿ ತರಬೇಕು, ಪದರಗಳನ್ನು ನಕ್ಷೆಯಲ್ಲಿ ಗುರುತಿಸಬೇಕು. ಸಹಾಯ ಮಾಡುವಷ್ಟು ತಿಳಿವಳಿಕೆ ನನಗಿರಲಿಲ್ಲ, ನನ್ನ ಒಳ್ಳೆಯದಕ್ಕೇ ಹಾಗೆ ಮಾಡಿದರು ಎಂದು ಮುದುಕ ಡಾರ್ವಿನ್ ನೆನೆಯುತ್ತಾನೆ. ಇಡೀ ಆತ್ಮಕಥೆಯಲ್ಲಿ ನನಗೆ ಅತ್ಯಂತ ಮುಖ್ಯವಾದ ಸಾಲುಗಳು ಇವು. ಓದು ಕಸುಬಾಗುವುದು ಇಲ್ಲಿಯೇ. ಗುರುವಿನ ಅಧ್ಯಾಯಕ್ಕೆ ಅಡಿಟಿಪ್ಪಣಿ ಹುಡುಕಿಕೊಡುವುದರಲ್ಲೇ ವರ್ಷ ಕಳೆಯುವ ಸಂಶೋಧಕರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು.

ಅದೇ ಪ್ರವಾಸದಲ್ಲಿ ಕುಮ್ ಇಡ್ವಾಲ್ ಕಣಿವೆಯಲ್ಲಿ ಇಬ್ಬರೂ ಗಂಟೆಗಟ್ಟಲೆ ಪಳೆಯುಳಿಕೆ ಹುಡುಕಿದರು. ಹಿಮನದಿ ಕೆರೆದ ಬಂಡೆಗಳು ಕಣ್ಣೆದುರೇ ಇದ್ದವು. ಗುರುವಿಗೂ ಕಾಣಲಿಲ್ಲ, ಶಿಷ್ಯನಿಗೂ ಕಾಣಲಿಲ್ಲ. ಸುಟ್ಟ ಮನೆ ಕೂಡ ತನ್ನ ಕಥೆಯನ್ನು ಅಷ್ಟು ಸ್ಪಷ್ಟವಾಗಿ ಹೇಳಲಾರದು ಎಂದು ನಂತರ ಅವನೇ ತನ್ನ ಕುರುಡನ್ನು ಒಪ್ಪಿಕೊಳ್ಳುತ್ತಾನೆ. ಇದನ್ನೂ ನಾನು ಕೇಂಬ್ರಿಜ್‌ನ ಪಾಠಗಳಲ್ಲೇ ಸೇರಿಸುತ್ತೇನೆ.

ಒಂದು ತಕರಾರು ಉಳಿಯುತ್ತದೆ. ಡಾರ್ವಿನ್ ಭೂವಿಜ್ಞಾನಕ್ಕಾಗಿ ಎಲ್ಲೂ ಸಂಬಳದ ನೌಕರಿ ಮಾಡಲಿಲ್ಲ. ಬೀಗಲ್ ಯಾನದ ಅವನ ಖರ್ಚನ್ನೂ ಅಪ್ಪನೇ ಹೊತ್ತ. ಆತ್ಮಕಥೆ ಇದನ್ನು ಮುಚ್ಚಿಡುವುದಿಲ್ಲ, ಆದರೆ ಅದರ ಬಗ್ಗೆ ಹೆಚ್ಚು ಯೋಚಿಸುವುದೂ ಇಲ್ಲ. ಫೆಲೋಶಿಪ್ ಹಣಕ್ಕೆ ತಿಂಗಳುಗಟ್ಟಲೆ ಕಾಯುವವರಿಗೆ ಈ ನಿರಾಳತೆ ಸ್ವಲ್ಪ ಚುಚ್ಚುತ್ತದೆ.

ಸೆಜ್‌ವಿಕ್‌ರನ್ನು ಬಿಟ್ಟು, ದಿಕ್ಸೂಚಿ ಹಿಡಿದು ಒಬ್ಬನೇ ಬೆಟ್ಟ ದಾಟಿ ಅವನು ಮನೆಗೆ ಮರಳಿದ್ದು ಗೌಜಲಹಕ್ಕಿ ಬೇಟೆಯ ಮೊದಲ ದಿನಗಳು ತಪ್ಪಬಾರದೆಂದು. ಭೂವಿಜ್ಞಾನಕ್ಕಾಗಿ ಅದನ್ನು ಬಿಡುವುದು ಆಗ ಅವನಿಗೆ ಹುಚ್ಚುತನವಾಗಿ ಕಂಡಿತ್ತು. ಮನೆಯಲ್ಲಿ ಹೆನ್ಸ್‌ಲೋ ಅವರ ಪತ್ರ ಕಾದಿತ್ತು: ಬೀಗಲ್ ಎಂಬ ಹಡಗಿನಲ್ಲಿ ಒಂದು ಜಾಗ ಖಾಲಿಯಿದೆ.