ಎರಡು ಸೂಜಿ, ಒಂದು ದಾರ

ಚರ್ಮದ ಕೆಲಸವನ್ನು ವಿರಾಮಕಾಲದ ವಿನೋದವಾಗಿ ಕೈಗೊಳ್ಳಬಯಸುವವನು ಧನವ್ಯಯಕ್ಕೆ ಅಂಜಿ ಹಿಂಜರಿಯಬೇಕಾದುದಿಲ್ಲ. ಹರಿತವಾದ ಒಂದು ಚೂರಿ, ಉಕ್ಕಿನ ಅಳತೆಪಟ್ಟಿ, ತೂತು ಕೊರೆಯಲು ಮೊನಚಾದ ಉಳಿ, ಎರಡು ಸೂಜಿ, ಜೇನುಮೇಣ ತೀಡಿದ ದಾರ ಇಷ್ಟಿದ್ದರೆ ಸಾಕು. ಹೊಲಿಗೆಯ ಅಂತರವನ್ನು ಗುರುತಿಸಲು ಅಡುಗೆಮನೆಯ ಮುಳ್ಳುಚಮಚವೇ ಒದಗುತ್ತದೆ. ಚರ್ಮವನ್ನಾದರೋ, ಚೀಲಗಳನ್ನು ಮಾಡುವವರಲ್ಲಿ ಉಳಿದ ತುಂಡುಗಳಿಂದ ಆಯ್ದುಕೊಳ್ಳಬಹುದು. ಆದರೆ ಅದು ಕ್ರೋಮಿಯಂ ಲವಣದಿಂದಲ್ಲದೆ, ನಮ್ಮ ಬಯಲುಸೀಮೆಯಲ್ಲಿ ಹಳದಿ ಹೂ ತಳೆದು ನಿಲ್ಲುವ ತಂಗಡಿಯ ತೊಗಟೆಯಂತಹ ಸಸ್ಯಕಷಾಯದಿಂದ ಹದಗೊಂಡುದಾಗಿರಲಿ, ಏಕೆಂದರೆ ನೀರು ಸೋಂಕಿಸಿ ಒತ್ತಿದ ಆಕಾರವನ್ನು ಧರಿಸುವ, ಅಂಚನ್ನು ಉಜ್ಜಿದಷ್ಟೂ ಮೆರುಗೇರುವ, ವರ್ಷಗಳುರುಳಿದಂತೆ ವರ್ಣ ಗಾಢವಾಗುವ ಗುಣ ಅದರದು.

ಈ ಕಲೆಯ ಹೃದಯವಿರುವುದು ಕುದುರೆಯ ಜೀನು ಮಾಡುವವರ ಹೊಲಿಗೆಯಲ್ಲಿ. ಹೊಲಿಯಬೇಕಾದ ಸಾಲಿನ ಸುಮಾರು 4 ಪಟ್ಟು ಉದ್ದದ ಒಂದೇ ದಾರದ ಎರಡು ತುದಿಗಳಿಗೂ ಸೂಜಿ ಪೋಣಿಸಿ, ಪ್ರತಿಯೊಂದು ರಂಧ್ರದಲ್ಲಿಯೂ ಎಡದಿಂದೊಂದು ಬಲದಿಂದೊಂದು ತೂರಿಸಿ ಸಮಬಲದಿಂದ ಸೆಳೆಯುತ್ತ ಸಾಗುವ ಈ ವಿಧಾನ ಎಂತಹ ವಿವೇಕಪೂರ್ಣವಾದುದು! ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರವೂ ಕೆಳಗಿನ ದಾರವೂ ಒಂದನ್ನೊಂದು ಕೊಂಡಿ ಹಾಕಿ ಹಿಡಿದಿರುವುದರಿಂದ ಒಂದೆಡೆ ಹರಿದರೆ ನೆರೆಯವೂ ಸಡಿಲುತ್ತವೆ. ಇಲ್ಲಿ ಒಂದು ಎಳೆ ಸವೆದು ತುಂಡಾದರೂ ಇನ್ನೊಂದು ತನ್ನ ಪಥದಲ್ಲಿ ಸ್ಥಿರವಾಗಿ ನಿಲ್ಲುತ್ತದೆ.

ಇಂತಹ ವಿದ್ಯೆಯನ್ನು ಬಲ್ಲವರನ್ನೇ ನಮ್ಮ ಸಮಾಜ ಶತಮಾನಗಳ ಕಾಲ ಊರ ಹೊರಗಿರಿಸಿತೆಂಬುದು ಲಜ್ಜೆಯ ಸಂಗತಿ. ಆದುದರಿಂದ ಹೊಸಬನು ಬೀದಿಯಂಚಿನ ಚಮ್ಮಾರರ ಬಳಿ ವಿನಯದಿಂದ ಕುಳಿತು, ತಕ್ಕ ಗುರುದಕ್ಷಿಣೆಯನ್ನಿತ್ತು ಕಲಿಯುವುದೇ ಯೋಗ್ಯ. ಮೊದಲಿಗೆ ಚೀಲದ ಹಂಬಲ ಬೇಡ, ಬೀಗದ ಕೈಗಳಿಗೊಂದು ಪಟ್ಟಿಯನ್ನು ಹೊಲಿಯಲಿ.