ಕೂಡಿ ದುಡಿಯುವವರ ಮನೆಗೆ ಜಗಲಿ ಎಲ್ಲಿ?

ವಿಜ್ಞಾನ ಸಂಸ್ಥೆಗಳ ಆವರಣಗಳಲ್ಲಿ ಈಚೆಗೆ ಒಂದು ಹೊಸ ಜಾತಿಯ ಕಟ್ಟಡ ತಲೆಯೆತ್ತುತ್ತಿದೆ. ಅದು ಕಾಲೇಜೂ ಅಲ್ಲ, ಕಾರ್ಖಾನೆಯೂ ಅಲ್ಲ, ಕಚೇರಿಯೂ ಅಲ್ಲ. ಮೂರರ ಗುಣವೂ ಅಷ್ಟಷ್ಟು ಅದರಲ್ಲಿ ಸೇರಿಕೊಂಡಿದೆ. ಇನ್ನೊವೇಷನ್ ಸೆಂಟರ್ ಎಂದೋ, ರಿಸರ್ಚ್ ಪಾರ್ಕ್ ಎಂದೋ, ಇನ್‌ಕ್ಯುಬೇಟರ್ ಎಂದೋ ಅದಕ್ಕೆ ನಾಮಕರಣ. ಪ್ರಾಧ್ಯಾಪಕರು, ಪಿಎಚ್.ಡಿ. ವಿದ್ಯಾರ್ಥಿಗಳು, ಹೊಸದಾಗಿ ಕಂಪನಿ ತೆರೆದ ತರುಣ ತರುಣಿಯರು ಒಂದೇ ಸೂರಿನ ಕೆಳಗೆ ಕೆಲಸ ಮಾಡಬೇಕು, ಒಬ್ಬೊಬ್ಬರಿಂದ ಕೊಳ್ಳಲಾಗದ ದುಬಾರಿ ಯಂತ್ರಗಳನ್ನು ಹಂಚಿಕೊಂಡು ಬಳಸಬೇಕು ಎಂಬುದು ಇದರ ಉದ್ದೇಶ. ರಾಜಧಾನಿಗೆ ಬಂದು ನೆಲೆಸಿದ ನಮ್ಮವರ ಮಕ್ಕಳೂ ಇಂಥ ಕಡೆ ದುಡಿಯಲು ಹೋಗುತ್ತಾರೆ. ಸಾಲದ್ದಕ್ಕೆ, ಇವುಗಳಿಗೆ ಸುರಿಯುವ ಹಣದಲ್ಲಿ ನಮ್ಮೆಲ್ಲರ ತೆರಿಗೆಯ ಪಾಲೂ ಇದೆ. ಪುಸ್ತಕವನ್ನೂ ನಾಟಕವನ್ನೂ ವಿಮರ್ಶಿಸುವ ನಾವು ಕಟ್ಟಡವನ್ನು ಮಾತ್ರ ಎಂಜಿನಿಯರರಿಗೆ ಒಪ್ಪಿಸಿ ಸುಮ್ಮನಿರುವುದೇಕೆ?

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಫರೀದಾಬಾದಿನಿಂದ ಗುರುಗ್ರಾಮಕ್ಕೆ ಹೋಗುವ ಹೆದ್ದಾರಿಯ ಮೂರನೆಯ ಮೈಲಿಗಲ್ಲಿನ ಬಳಿ ಎನ್.ಸಿ.ಆರ್. ಬಯೋಟೆಕ್ ಸೈನ್ಸ್ ಕ್ಲಸ್ಟರ್ ಇದೆ. ಇದಕ್ಕೂ ಮೊದಲು ಗುರುಗ್ರಾಮದ ಉದ್ಯೋಗ್ ವಿಹಾರದಲ್ಲಿದ್ದ ಎರಡು ಸಂಸ್ಥೆಗಳು (ಒಂದು ಯುನೆಸ್ಕೊ ಆಶ್ರಯದ ರೀಜನಲ್ ಸೆಂಟರ್ ಫಾರ್ ಬಯೋಟೆಕ್ನಾಲಜಿ, ಇನ್ನೊಂದು ಆರೋಗ್ಯ ವಿಜ್ಞಾನಕ್ಕೆ ಮೀಸಲಾದ ಟಿ.ಎಚ್.ಎಸ್.ಟಿ.ಐ.) ಇಲ್ಲಿ ನೆರೆಹೊರೆಯಾದವು. ಎಲ್ಲರೂ ಬಳಸಬಹುದಾದ ಯಂತ್ರಗಳ ಕೇಂದ್ರವೊಂದು ಅವುಗಳ ಜತೆಗಿದೆ. ಹೊಸ ಕಂಪನಿಗಳಿಗೆ ಇನ್‌ಕ್ಯುಬೇಟರೂ ಇದೆ. ಯೋಜನೆಯ ಹಿಂದಿನ ಮುಖ್ಯ ಪ್ರೇರಣೆ 2004ರಿಂದ 2012ರವರೆಗೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯಾಗಿದ್ದ ಡಾ. ಎಂ. ಕೆ. ಭಾನ್ ಅವರದು.

ಭಾನ್ ಅವರು ಮಕ್ಕಳ ವೈದ್ಯರು ಎಂಬುದನ್ನು ಇಲ್ಲಿ ನೆನೆಯಬೇಕು. 1980ರ ದಶಕದಲ್ಲಿ ಅವರೂ ಅವರ ಸಂಗಡಿಗರೂ ಏಮ್ಸ್ ಆಸ್ಪತ್ರೆಯ ಹಸುಗೂಸುಗಳಲ್ಲಿ ರೋಟಾವೈರಸ್ಸಿನ ಒಂದು ತಳಿಯನ್ನು ಗುರುತಿಸಿದರು. ಸೋಂಕು ತಗಲಿದ್ದರೂ ಆ ಕೂಸುಗಳಿಗೆ ಭೇದಿಯಾಗಿರಲಿಲ್ಲ. ಅದೇ ತಳಿಯಿಂದ ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿದ ಲಸಿಕೆ ಸರ್ಕಾರದ ಲಸಿಕಾ ಕಾರ್ಯಕ್ರಮವನ್ನು ಸೇರಿದ್ದು 2016ರಲ್ಲಿ. ವಾರ್ಡಿನಿಂದ ಪ್ರಯೋಗಾಲಯಕ್ಕೆ, ಪ್ರಯೋಗಾಲಯದಿಂದ ಕಾರ್ಖಾನೆಗೆ, ಅಲ್ಲಿಂದ ಮಗುವಿನ ಬಾಯಿಗೆ ಬರಲು ಸುಮಾರು ಮೂವತ್ತು ವರ್ಷ! ಎಲ್ಲ ತಡವೂ ಕಟ್ಟಡದ ದೋಷವೆಂದು ಯಾರೂ ಹೇಳಲಾರರು. ಲಸಿಕೆಯ ಪರೀಕ್ಷೆಗೆ ಹಿಡಿಯುವ ಕಾಲ ಹಿಡಿದೇ ಹಿಡಿಯುತ್ತದೆ. ಆದರೆ ವೈದ್ಯ, ವಿಜ್ಞಾನಿ, ಉದ್ಯಮಿ ಮೂವರೂ ಒಬ್ಬರ ಕೈಗೊಬ್ಬರು ಸಿಕ್ಕುವಂತಿದ್ದರೆ ಕಳೆಯಬಹುದಾದ ವರ್ಷಗಳೂ ಅದರಲ್ಲಿ ಇರುತ್ತವೆ. ಕೂಡು ಕಟ್ಟಡಗಳನ್ನು ನಾವು ಅಳೆಯಬೇಕಾದದ್ದು ಈ ಕೋಲಿನಿಂದ.

ಯಂತ್ರವನ್ನು ಹಂಚಿಕೊಂಡ ಮಾತ್ರಕ್ಕೆ ಮನುಷ್ಯರು ಮಾತನಾಡುತ್ತಾರೆಂದು ನಂಬುವುದು ಕಷ್ಟ. ಸರದಿ ಪುಸ್ತಕದಲ್ಲಿ ಹೆಸರು ಬರೆದು, ತಮ್ಮ ಹೊತ್ತಿಗೆ ಬಂದು, ಮಾದರಿ ಇಟ್ಟು ಹೊರಟುಹೋದರೆ ಅದು ಹಿಟ್ಟಿನ ಗಿರಣಿಯ ಸಹವಾಸ. ಗಿರಣಿಯಲ್ಲಾದರೂ ಕಾಯುವವರಿಗೆ ಒಂದು ಕಟ್ಟೆ ಇರುತ್ತದೆ! ಥಾಮಸ್ ಅಲೆನ್ ಎಂಬ ಅಮೆರಿಕದ ವಿದ್ವಾಂಸರು ಎಂಜಿನಿಯರರ ಮಾತುಕತೆಯನ್ನು ಲೆಕ್ಕ ಹಾಕಿ 1977ರಲ್ಲಿ ಪ್ರಕಟಿಸಿದ ಗ್ರಂಥವೊಂದಿದೆ. ಇಬ್ಬರ ಮೇಜುಗಳ ನಡುವಣ ದೂರ ಹೆಚ್ಚಿದಂತೆಲ್ಲ ಅವರ ಮಾತು ಬೇಗಬೇಗ ಕುಸಿಯುತ್ತದೆ. ಐವತ್ತು ಮೀಟರು ದಾಟಿದರೆ ಹೆಚ್ಚುಕಡಿಮೆ ನಿಂತೇಹೋಗುತ್ತದೆ ಎಂದು ಅವರು ಕಂಡುಕೊಂಡರು. ತೊಟ್ಟಿ ಮನೆಯಲ್ಲಿ ಬೆಳೆದವರಿಗೆ ಇದನ್ನು ಹೇಳಲು ಗ್ರಂಥ ಬೇಕಾಗಿರಲಿಲ್ಲ. ಯಾವ ಕೋಣೆಯಿಂದ ಯಾವ ಕೋಣೆಗೆ ಹೋಗಬೇಕಾದರೂ ತೊಟ್ಟಿಯ ಪಡಸಾಲೆಯನ್ನು ಹಾದೇ ಹೋಗಬೇಕು. ಮುನಿಸಿಕೊಂಡ ಓರಗಿತ್ತಿಯರೂ ದಿನಕ್ಕೆ ಹತ್ತು ಸಲ ಎದುರಾಗಲೇಬೇಕು.

ಈ ಗುಟ್ಟನ್ನು ಬಲ್ಲ ವಾಸ್ತುಶಿಲ್ಪಿ ದೆಹಲಿಯಲ್ಲೇ ಇದ್ದಾರೆ. ಅರುಣಾ ಅಸಫ್ ಅಲಿ ಮಾರ್ಗದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಇಮ್ಯುನಾಲಜಿಯನ್ನು 1980ರ ದಶಕದಲ್ಲಿ ರಾಜ್ ರೇವಾಲ್ ರಚಿಸಿದರು. ಬಂಡೆಯ ಏರುತಗ್ಗಿನ ನೆಲವನ್ನು ಸಮತಟ್ಟು ಮಾಡಿ ಒಂದು ಗೋಪುರ ನಿಲ್ಲಿಸುವ ಬದಲು, ಅಂಗಳಗಳ ಸುತ್ತ ತಗ್ಗು ಕಟ್ಟಡಗಳ ಗೊಂಚಲುಗಳನ್ನು ಹೂಡಿದರು. ಹಳೆಯ ಹವೇಲಿಗಳ ಲಕ್ಷಣ ಅಲ್ಲಿದೆ, ನಮ್ಮ ಕಣ್ಣಿಗೆ ಮಲೆನಾಡಿನ ಚೌಕಿ ಮನೆಯ ಲಕ್ಷಣವೂ ಕಂಡಿತು. ಬೆಂಗಳೂರಿನ ಜಿ.ಕೆ.ವಿ.ಕೆ. ಆವರಣದ ಎನ್.ಸಿ.ಬಿ.ಎಸ್. ಕೂಡ ಅವರದೇ ರಚನೆ. ಒಬೈದ್ ಸಿದ್ದಿಕಿ ಅವರು ಸ್ಥಾಪಿಸಿದ ಆ ಸಂಸ್ಥೆಯ ಮಗ್ಗುಲಲ್ಲೇ 2009ರಲ್ಲಿ ಸಿ-ಕ್ಯಾಂಪ್ ಹುಟ್ಟಿತು. ಹೊರಗಿನ ಕಾಲೇಜಿನವರೂ ಕಂಪನಿಯವರೂ ಶುಲ್ಕ ಕೊಟ್ಟು ಅಲ್ಲಿನ ಸಲಕರಣೆಗಳ ನೆರವು ಪಡೆಯಬಹುದು. ಅವುಗಳನ್ನು ನಡೆಸಲು ನುರಿತ ಸಿಬ್ಬಂದಿಯೇ ಇದೆ. ಈ ಕೊನೆಯ ಮಾತು ಸಣ್ಣದಲ್ಲ. ಕೋಟಿ ಬೆಲೆಯ ಸೂಕ್ಷ್ಮದರ್ಶಕ ತಂದು, ಅದನ್ನು ಬಲ್ಲ ಒಬ್ಬ ಟೆಕ್ನಿಷಿಯನ್ನನ ಹುದ್ದೆ ಖಾಲಿ ಬಿಟ್ಟರೆ ಮುಸುಕು ಹೊದಿಸಿ ಮಂಗಳಾರತಿ ಎತ್ತಬೇಕಷ್ಟೆ.

ರೇವಾಲರ ಕೃತಿಗಳಲ್ಲಿ ನಮಗೆ ಒಂದು ಕೊರತೆಯೂ ಕಾಣುತ್ತದೆ. ಇಷ್ಟು ಅಚ್ಚುಕಟ್ಟಾಗಿ ಹೆಣೆದ ಗೊಂಚಲಿನಲ್ಲಿ ನಾಳೆ ಬರುವ ಯಂತ್ರಕ್ಕಾಗಿ ಗೋಡೆ ಒಡೆಯಲು ಯಾರಿಗೆ ಕೈ ಬಂದೀತು? ವಿಜ್ಞಾನದ ಕಟ್ಟಡ ಪೂರ್ತಿ ಮುಗಿದ ಕಲಾಕೃತಿಯಾಗಿರಬಾರದು. ಅಮೆರಿಕದ ಎಂ.ಐ.ಟಿ.ಯಲ್ಲಿ 1943ರಲ್ಲಿ, ಯುದ್ಧದ ಅವಸರದಲ್ಲಿ, ರೇಡಾರ್ ಸಂಶೋಧನೆಗಾಗಿ ಎತ್ತಿದ ಮರದ ಕಟ್ಟಡವೊಂದಿತ್ತು; ಇಪ್ಪತ್ತನೆಯ ನಂಬರಿನದು. ಯುದ್ಧ ಮುಗಿದೊಡನೆ ಕೆಡವಬೇಕಾಗಿದ್ದ ಅದು 1998ರವರೆಗೂ ನಿಂತಿತು. ಬೇಸಿಗೆಯಲ್ಲಿ ಸೆಕೆ, ನೋಡಲು ಕುರೂಪಿ. ಆದರೂ ಬೇಕೆಂದಲ್ಲಿ ಗೋಡೆಗೆ ತೂತು ಕೊರೆದು ತಂತಿ ಎಳೆಯಬಹುದಾಗಿತ್ತು, ಯಾರ ಅಪ್ಪಣೆಯೂ ಬೇಕಿರಲಿಲ್ಲ. ಚಾಮ್ಸ್ಕಿಯವರ ಭಾಷಾಶಾಸ್ತ್ರವೂ, ಅಮರ್ ಬೋಸ್ ಅವರ ಧ್ವನಿಶಾಸ್ತ್ರವೂ ಆ ಸೂರಿನ ಕೆಳಗೇ ಬೆಳೆದವು. ಅದೇ ಜಾಗದಲ್ಲಿ 2004ರಲ್ಲಿ ಫ್ರಾಂಕ್ ಗೆರಿ ಎಂಬ ಜಗತ್ಪ್ರಸಿದ್ಧ ವಾಸ್ತುಶಿಲ್ಪಿಯ ವಿಚಿತ್ರ ಸುಂದರ ಸೌಧ ಎದ್ದಿತು. ಸೋರುತ್ತದೆಂದು ಸಂಸ್ಥೆಯೇ 2007ರಲ್ಲಿ ಅವರ ಮೇಲೆ ದಾವೆ ಹೂಡಿತು.

ಹಾಗೆಂದು ಎಲ್ಲವನ್ನೂ ಬಟಾಬಯಲು ಮಾಡಿಬಿಡಿ ಎಂಬ ಈಗಿನ ಷೋಕಿಯನ್ನೂ ನಾವು ಒಪ್ಪುವುದಿಲ್ಲ. ಪೇಟೆಂಟಿಗೆ ಅರ್ಜಿ ಹಾಕುವ ಮೊದಲೇ ಗುಟ್ಟು ಬಯಲಾದರೆ ಸಣ್ಣ ಉದ್ಯಮಿಯ ಅನ್ನಕ್ಕೆ ಕಲ್ಲು. ಅವನಿಗೆ ಬೀಗ ಹಾಕುವ ಕೋಣೆ ಬೇಕೇ ಬೇಕು. ಬಾಗಿಲ ಹೊರಗೆ ಯಾರ ಸ್ವತ್ತೂ ಅಲ್ಲದ ಒಂದು ಜಾಗವೂ ಬೇಕು: ಅಗಲವಾದ ಮೊಗಸಾಲೆ, ಇಬ್ಬರು ನಿಂತು ಮಾತನಾಡಿದರೆ ಮೂರನೆಯವರು ದಾಟಿಹೋಗಬಹುದಾದ ಮೆಟ್ಟಿಲು, ಕಾಫಿಯ ಹತ್ತಿರ ಕರಿಹಲಗೆ. ಗುತ್ತಿಗೆ ಲೆಕ್ಕ ಹಾಕುವಾಗ ಮೊದಲು ಕತ್ತರಿ ಬೀಳುವುದು ಇದಕ್ಕೇ. ಚದರಡಿಗೆ ಬಾಡಿಗೆ ಬಾರದ ಜಾಗ ನಮ್ಮ ಅಧಿಕಾರಿಗಳ ಕಣ್ಣಿಗೆ ದಂಡ. ಮದರಾಸಿನ ಐ.ಐ.ಟಿ.ಯ ರಿಸರ್ಚ್ ಪಾರ್ಕಿನವರು ಕರಾರಿನಿಂದಲೇ ಒಂದು ಉಪಾಯ ಮಾಡಿದ್ದಾರೆ. ಅಲ್ಲಿ ನೆಲೆಸುವ ಕಂಪನಿಗಳು ಪ್ರಾಧ್ಯಾಪಕರು ಮತ್ತು ವಿದ್ಯಾರ್ಥಿಗಳೊಡನೆ ಕೂಡಿ ಮಾಡಿದ ಕೆಲಸಕ್ಕೆ ಅಂಕ ಗಳಿಸುತ್ತಿರಬೇಕು. ಜಗಲಿ ಮಾಡಬೇಕಾದ್ದನ್ನು ಕಾಗದ ಮಾಡುತ್ತಿದೆ ಎನ್ನೋಣ. ಆದರೂ ಏನೂ ಇಲ್ಲದಿರುವುದಕ್ಕಿಂತ ವಾಸಿ.

ಗಾಜಿನ ಮಾತನ್ನೂ ಆಡದೆ ವಿಧಿಯಿಲ್ಲ. ಜ್ಯೇಷ್ಠದ ಬಿಸಿಲು ನಲವತ್ತೈದು ಡಿಗ್ರಿ ಮುಟ್ಟುವ ಊರಿನಲ್ಲಿ ಪಶ್ಚಿಮಕ್ಕೆ ಪೂರಾ ಗಾಜು ಹೊದಿಸಿ ಅದನ್ನು ಆಧುನಿಕ ಎಂದು ಕರೆಯುವುದು ನಮಗೆ ಅರ್ಥವಾಗದ ಸಂಗತಿ. ಕಚೇರಿಯಾದರೆ ತಂಪು ಮಾಡಿದ ಗಾಳಿಯನ್ನೇ ಸುತ್ತಿಸುತ್ತ ಕಾಲ ಹಾಕಬಹುದು. ರಾಸಾಯನಿಕ ಪ್ರಯೋಗಾಲಯದಲ್ಲಿ ಫ್ಯೂಮ್ ಹುಡ್ಡುಗಳು ವಿಷದ ಆವಿಯ ಸಂಗಡ ಆ ತಂಪು ಗಾಳಿಯನ್ನೂ ಹೊರಕ್ಕೆ ಉಗುಳುತ್ತವೆ. ಮತ್ತೆ ಹೊರಗಿನ ಬೆಂಕಿಗಾಳಿಯನ್ನು ಒಳಕ್ಕೆಳೆದು ಮೊದಲಿನಿಂದ ತಂಪು ಮಾಡಬೇಕು. ಈ ಕರೆಂಟಿನ ಬಿಲ್ಲಿನ ಮೇಲೆ ಗಾಜಿನ ದಂಡವೂ ಬಿದ್ದರೆ ಬಾಡಿಗೆ ಏರುತ್ತದೆ. ಬಾಡಿಗೆ ಏರಿದರೆ ಮೊದಲು ಜಾಗ ಖಾಲಿ ಮಾಡುವವರು ಯಾರಿಗಾಗಿ ಕಟ್ಟಡ ಕಟ್ಟಿದರೋ ಆ ಕೈಬರಿದಾದ ತರುಣರೇ. ಪ್ರಯೋಗದ ಕೋಣೆಗಳು ಉತ್ತರಕ್ಕಿರಲಿ, ಪಶ್ಚಿಮದಲ್ಲಿ ನೆರಳಿನ ಮೊಗಸಾಲೆ ಬರಲಿ. ಬಿಸಿಲು ತಡೆಯುವುದೂ ಜನ ಸೇರುವುದೂ ಒಂದೇ ಖರ್ಚಿನಲ್ಲಿ ಆಗುತ್ತದೆ.

ಫರೀದಾಬಾದಿನ ವಿಷಯದಲ್ಲಿ ನಮ್ಮ ಮುಖ್ಯ ತಕರಾರು ಗೋಡೆಗಳದ್ದಲ್ಲ, ದೂರದ್ದು. ಊರಿಗೆ 2015ರಲ್ಲಿ ಮೆಟ್ರೊ ಬಂತೇನೋ ನಿಜ. ಇಳಿದ ಮೇಲೆ ಮತ್ತೆ ಆಟೊ ಹಿಡಿಯಬೇಕು. ಜೀವಕೋಶಗಳು ಗಡಿಯಾರ ನೋಡಿ ಬೆಳೆಯುವುದಿಲ್ಲ. ರಾತ್ರಿ ಹತ್ತಕ್ಕೆ ಆಹಾರ ಬದಲಿಸಬೇಕಾದ ಹುಡುಗಿ ಆ ಹೆದ್ದಾರಿಯ ಬದಿಯಿಂದ ದ್ವಾರಕಾಕ್ಕೋ ನೋಯ್ಡಾಕ್ಕೋ ಹೊರಡುವುದನ್ನು ನೆನೆದರೆ ತಾಯಂದಿರಿಗೆ ನಿದ್ದೆ ಬಾರದು. ಅವಳು ಆರು ಗಂಟೆಯ ವಾಹನವನ್ನೇ ಹಿಡಿದರೆ, ಕಾಫಿಯ ಹತ್ತಿರದ ಕರಿಹಲಗೆ ಎಷ್ಟು ಚೆನ್ನಾಗಿದ್ದರೇನು? ಬಸ್ಸೂ ಬೀದಿದೀಪವೂ ತಮ್ಮ ನಕ್ಷೆಗೆ ಸೇರಿದ್ದಲ್ಲವೆಂದು ವಾಸ್ತುಶಿಲ್ಪಿ ಹೇಳಬಹುದು. ಆದರೆ ಇಮ್ಯುನಾಲಜಿ ಸಂಸ್ಥೆಯ ನಕ್ಷೆ ಬರೆಯುವಾಗ ರೇವಾಲರು ಪ್ರಯೋಗಾಲಯದ ಜತೆಗೇ ವಿಜ್ಞಾನಿಗಳ ಮನೆಗಳನ್ನೂ ವಿದ್ಯಾರ್ಥಿಗಳ ಹಾಸ್ಟೆಲನ್ನೂ ಬರೆದರು. ಅಲ್ಲಿ ವಾಸವಿರುವ ಹುಡುಗಿ ರಾತ್ರಿಯ ಊಟ ಮುಗಿಸಿ ಪ್ರಯೋಗಾಲಯಕ್ಕೆ ನಡೆದೇ ಹೋಗಿ, ತನ್ನ ಕೋಶಗಳನ್ನು ನೋಡಿಕೊಂಡು ಬಂದು ಮಲಗಬಹುದು.